ಸೀಟು ಹಿಡಿದ ಮಗಳು

ಹೋದ ವಾರ ಸೇಡಂ ಬಸ್ ನಿಲ್ದಾಣದಲ್ಲಿ ಚಿಂಚೋಳಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದೆ. ಹೊರಗಿನಿಂದ ಒಂದು ಟವೆಲ್ಲು ಹಾರಿ ಬಂದು ನನ್ನ ತೊಡೆಯ ಮೇಲೆ ಬಿತ್ತು. ಬೆವರು, ಬೀಡಿ, ತಲೆಗೆ ಹಚ್ಚುವ ಎಣ್ಣೆ ಮೂರೂ ಕೂಡಿದ ವಾಸನೆ. ಹಿಂದೆಯೇ ಒಂದು ಕೂಗು: "ಮುತ್ಯಾ, ಬಾಜೂಕ ಹಾಸ್ರಿ ಅದನ್ನ! ಎರಡು ಸೀಟ್ ಹಿಡೀರಿ, ನಮ್ಮ ಮಂದಿ ಬರ್ಲಿಕತ್ತದ!" ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಹಾಗೆ ಕರೆಸಿಕೊಳ್ಳುವುದು ನನಗಿನ್ನೂ ಪೂರ್ತಿ ರೂಢಿಯಾಗಿಲ್ಲ. ಆದರೂ ಟವೆಲ್ಲನ್ನು ಪಕ್ಕದ ಸೀಟಿನ ಮೇಲೆ ಹಾಸಿದೆ. ಕೂರಲು ಬಂದ ಇಬ್ಬರನ್ನು ಗದರಿಸಿ ಕಳಿಸಿಯೂ ಬಿಟ್ಟೆ. ಯಾರ ಟವೆಲ್ಲೋ, ಯಾರ ಮಂದಿಯೋ, ನನಗೇನು ಗೊತ್ತು!

ನಿಮ್ಮ ಊರಿನಲ್ಲಿ ಹೇಗೋ ತಿಳಿಯದು. ನಮ್ಮ ವಾಡಿ, ಶಹಾಬಾದ, ಚಿತ್ತಾಪುರದ ಕಡೆ ಮೊದಲು ಸೀಟು ಹಿಡಿಯುವುದು, ಆಮೇಲೆ ಗಾಡಿ ಹತ್ತುವುದು. ಬಾಗಿಲಿನಿಂದ ಹತ್ತಿ ಒಳಗೆ ಸೀಟು ಹುಡುಕುವವನು ಪರ ಊರಿನವನೆಂದೇ ಲೆಕ್ಕ. ಟವೆಲ್ಲು, ಕೈಚೀಲ, ಓದಿ ಮಡಚಿದ ಪೇಪರು, ಏನಾದರೂ ನಡೆಯುತ್ತದೆ. ಒಂಟಿ ಚಪ್ಪಲಿ ಎಸೆದು ಸೀಟು ಹಿಡಿದು, ಇನ್ನೊಂದನ್ನು ಮೆಟ್ಟಿಕೊಂಡು ಕುಂಟುತ್ತ ಬಂದು ಠೀವಿಯಿಂದ ಕುಳಿತವನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕಪಕ್ಕದವರು ಆ ಚಪ್ಪಲಿಗೂ ಮರ್ಯಾದೆ ಕೊಟ್ಟಿದ್ದರು.

ರೈಲಿನಲ್ಲಿ ಮಾತ್ರ ಟವೆಲ್ಲು ಸಾಲದು. ಅಲ್ಲಿ ಜಗಳವಾಡಬಲ್ಲ ಟವೆಲ್ಲು ಬೇಕು. ಆದ್ದರಿಂದ ಸಣ್ಣ ಮಕ್ಕಳು. ಪ್ಯಾಸೆಂಜರ್ ಗಾಡಿಯ ಕಿಟಕಿಗಳಿಗೆ ಕಬ್ಬಿಣದ ಸಳಿಗಳು ಇರುತ್ತವೆ ಎಂಬುದು ನಿಮಗೂ ಗೊತ್ತು. ಆದರೆ ಪ್ರತಿ ಡಬ್ಬಿಯಲ್ಲಿ ಒಂದೆರಡು ಕಿಟಕಿಗೆ ಅವು ಇರುವುದಿಲ್ಲ. ಆಪತ್ತು ಬಂದಾಗ ಮಂದಿ ಹೊರಗೆ ಹಾರಿಕೊಳ್ಳಲಿ ಎಂದು ರೈಲಿನವರು ಬಿಟ್ಟದ್ದು. ನಮ್ಮವರು ಅದರಲ್ಲಿ ಮಕ್ಕಳನ್ನು ಒಳಗೆ ಇಳಿಸುತ್ತಿದ್ದರು. ಗದ್ದಲದ ದಿನ ಸೀಟು ಸಿಗದಿರುವುದೂ ಒಂದು ಆಪತ್ತೇ ಅಲ್ಲವೇ?

ಈ ವಿದ್ಯೆಯಲ್ಲಿ ನಾನು ಪಂಡಿತನೆಂದು ತಿಳಿದುಕೊಂಡಿದ್ದೆ. ವೃತ್ತಿಯಿಂದ ಭೂಮಾಪಕ. ಹೊಲ ಅಳೆಯುವುದು, ಗಡಿ ತೋರಿಸುವುದು. ಕೊಡ್ಲಿ ಎಂಬ ಊರಿನಲ್ಲಿ ಎರಡು ಮನೆತನಗಳು ಮಾತು ಬಿಡುವಂತೆ ಮಾಡಿದ್ದ ಗಡಿಯ ಒಂದು ಬಾಂದು ಕಲ್ಲನ್ನು ಮಣ್ಣಿನಡಿಯಿಂದ ಹುಡುಕಿ ಕೊಟ್ಟವನು ನಾನು. ಅಂಥವನಿಗೆ ಓಡುವ ಗಾಡಿಯಲ್ಲಿ ಸಳಿಯಿಲ್ಲದ ಕಿಟಕಿ ಗುರುತಿಸುವುದು ಯಾವ ದೊಡ್ಡ ಮಾತು? ಗಾಡಿ ಇನ್ನೂ ನಿಲ್ಲುವ ಮೊದಲೇ ಅದರ ಜೊತೆ ನಾಲ್ಕು ಹೆಜ್ಜೆ ಓಡಿ, ಮಗಳನ್ನು ಒಳಗೆ ಇಳಿಸಿ, ಅಂಗಿ ಕೊಡವಿಕೊಂಡು ಹೆಂಡತಿಯ ಕಡೆ ತಿರುಗಿ ನಗುತ್ತಿದ್ದೆ. ನನ್ನ ಹೆಂಡತಿ ಶಾಂತಾಬಾಯಿ ಆ ನಗುವನ್ನು ಎಂದೂ ಹೊಗಳಲಿಲ್ಲ.

ಈಗ ಮೂವತ್ತು ವರ್ಷದ ಹಿಂದಿನ ಮಾತು. ನಾವು ಚಿತ್ತಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಶಾಂತಾಬಾಯಿಯ ತವರು ಶಹಾಬಾದ. ಅಲ್ಲಿ ಅವಳ ತಮ್ಮನ ಮದುವೆ ಮುಗಿಸಿಕೊಂಡು ನಾವು ಮೂವರು ವಾಪಸು ಬರುತ್ತಿದ್ದೆವು. ವಾಡಿಯಲ್ಲಿ ಇಳಿದು ಸೇಡಂ ಕಡೆಯ ಪ್ಯಾಸೆಂಜರಿಗೆ ಬದಲಿಸಬೇಕು. ಮಗಳು ಸುಜಾತಾಳಿಗೆ ಆಗಷ್ಟೇ ಐದು ದಾಟಿತ್ತು. ಮದುವೆಯ ಕಾಲ, ಮಟಮಟ ಮಧ್ಯಾಹ್ನ, ಪ್ಲಾಟ್‌ಫಾರ್ಮಿನ ಮೇಲೆ ಸಿಮೆಂಟಿನ ಧೂಳು, ಕಾಲಿಡಲು ಜಾಗವಿಲ್ಲದಷ್ಟು ಮಂದಿ. ಶಾಂತಾಬಾಯಿ ಟ್ರಂಕು, ಬುತ್ತಿಯ ಗಂಟುಗಳನ್ನಿಟ್ಟುಕೊಂಡು ನಳದ ಹತ್ತಿರ ನಿಂತಿದ್ದಳು. ನಮ್ಮ ಗಾಡಿ ಯಾವಾಗಲೂ ಬಲಗಡೆ ಬರುತ್ತಿತ್ತು. ಅಂದು ಬಲಗಡೆ ಒಂದು ಗಾಡಿ ಬಂತು. ನಾನು ಸುಜಾತಾಳನ್ನು ಎತ್ತಿಕೊಂಡು ಓಡಿದೆ.

ಕಿಟಕಿ ಸಿಕ್ಕಿತು. ಒಳಗೆ ಖಾಲಿ ಸೀಟೂ ಸಿಕ್ಕಿತು. ಇಳಿಸುತ್ತ ಹೇಳಿದೆ: "ಅಡ್ಡ ಮಲ್ಕೋ ಸುಜಿ. ಯಾರು ಬಂದ್ರೂ ಕುಂದರಸಬ್ಯಾಡ. ನಾ ಅವ್ವನ್ನ ಕರ್ಕೊಂಡು ಬರ್ತೀನಿ."

"ಹೂಂ ಅಪ್ಪ" ಎಂದು ಅವಳು ಸೀಟಿನ ಉದ್ದಕ್ಕೂ ಕೈಕಾಲು ಚಾಚಿ ಮಲಗಿದ್ದು ಕಂಡಿತು. ನಾನು ಎಂದಿನಂತೆ ಅಂಗಿ ಕೊಡವಿಕೊಂಡು ನಳದ ಹತ್ತಿರ ಹೋದೆ.

"ಸುಜಿ ಎಲ್ಲಿ?" ಎಂದಳು ಶಾಂತಾಬಾಯಿ.

"ಗಾಡ್ಯಾಗ. ಮೂರು ಮಂದಿಗೂ ಸೀಟ್ ಹಿಡಿದಾಳ."

"ಯಾ ಗಾಡ್ಯಾಗ್ರಿ? ನಮ್ಮ ಗಾಡಿ ಈ ಕಡಿ ನಿಂತದಲ್ಲ!"

ಎಡಗಡೆ ನೋಡಿದೆ. ಚಿತ್ತಾಪುರ, ಸೇಡಂ ದಾಟಿ ಹೋಗುವ ಗಾಡಿ ಅಲ್ಲಿ ಆರಾಮಾಗಿ ನಿಂತಿತ್ತು. ಗಾಡಿ ಆ ಕಡೆ ಬರುತ್ತದೆಂದು ಆಗಲೇ ಎರಡು ಸಲ ಕೂಗಿ ಹೇಳಿದ್ದರಂತೆ, ನಾನು ಕಿಟಕಿಯ ಧ್ಯಾನದಲ್ಲಿದ್ದೆ. ಬಲಗಡೆಯದು ನಾಲವಾರ, ಯಾದಗಿರಿಗೆ ಹೋಗುವುದು. ನಾನು ತಿರುಗುವಷ್ಟರಲ್ಲಿ ಅದು ಸೀಟಿ ಹೊಡೆದು ಸರಿಯತೊಡಗಿತ್ತು. ಓಡಿದೆ. ಬಾಗಿಲುಗಳಲ್ಲಿ ಜನ ಜೋತುಬಿದ್ದಿದ್ದರು. ಒಂದು ಹಿಡಿಕೆಗೆ ಕೈ ಹಾಕಿದೆ, ಜಾರಿತು, ಮೊಣಕಾಲೂರಿ ಬಿದ್ದೆ. ಕಡೆಯ ಡಬ್ಬಿಯೂ ನನ್ನ ಮುಂದಿನಿಂದಲೇ ಹೋಯಿತು.

ಮಗು ಕಣ್ಮರೆಯಾಗುವುದು ಎಂದರೇನೆಂದು ನಿಮಗೆ ಗೊತ್ತಿರದಿದ್ದರೆ ನಿಮ್ಮ ಪುಣ್ಯ. ಅಷ್ಟು ಹೆದರಿದ್ದು ನನ್ನ ಜೀವಮಾನದಲ್ಲಿ ಮತ್ತೊಮ್ಮೆ ಇಲ್ಲ. ಚಹಾ ಮಾರುವವನು ಚಹಾ ಮಾರುತ್ತಲೇ ಇದ್ದ. ಯಾರೋ ಕಲ್ಲಂಗಡಿ ಹೆಚ್ಚುತ್ತಿದ್ದರು. ಪ್ಲಾಟ್‌ಫಾರ್ಮಿನ ತುಂಬ ಮಕ್ಕಳೇ ಕಂಡವು, ಒಂದೊಂದೂ ಯಾರದೋ ಕೈ ಹಿಡಿದುಕೊಂಡಿತ್ತು. ಇಷ್ಟು ಮಕ್ಕಳಿರುವ ಲೋಕದಲ್ಲಿ ನನ್ನದೊಂದೇ ಏಕಿಲ್ಲ ಎಂದು ಸಿಟ್ಟು ಬಂತು. ಯಾರ ಮೇಲೆ ಸಿಟ್ಟು? ಗಾಡಿಯ ತಪ್ಪಿಲ್ಲ, ಕಿಟಕಿಯ ತಪ್ಪಿಲ್ಲ.

ಸ್ಟೇಷನ್ ಮಾಸ್ತರು ಒಳ್ಳೆಯವರು. ಬಯ್ಯುವಷ್ಟು ಹೊತ್ತನ್ನೂ ಹಾಳು ಮಾಡದೆ ಫೋನು ಎತ್ತಿಕೊಂಡು, "ಯಾ ಬಣ್ಣದ ಫ್ರಾಕ್ ಹಾಕ್ಯಾಳ್ರಿ?" ಎಂದರು.

ಅರ್ಧ ಗಳಿಗೆಯ ಹಿಂದೆ ಎರಡೂ ಕೈಯಿಂದ ಎತ್ತಿದ್ದ ಮಗುವಿನ ಅಂಗಿಯ ಬಣ್ಣ ನನಗೆ ಗೊತ್ತಿರಲಿಲ್ಲ. ಬಾಂದು ಕಲ್ಲು ಹುಡುಕುವ ಕಣ್ಣು!

"ಹಳದಿ" ಎಂದಳು ಶಾಂತಾಬಾಯಿ. "ತೋಳಿಗಿ ಕೆಂಪು ಪಟ್ಟಿ ಅದ. ಮುಂದಿನ ಹಲ್ಲೊಂದು ಮೊನ್ನೆ ಬಿದ್ದದ. ಎಡಗೈ ಮ್ಯಾಲ ಮದರಂಗಿ ಅದ, ಬಲಗೈಗಿ ಹಚ್ಚೋದ್ರಾಗ ಓಡಿಹೋದ್ಳು." ಅಷ್ಟು ಹೇಳುವವರೆಗೂ ಅವಳ ದನಿ ಗಟ್ಟಿಯಾಗಿತ್ತು. ಆಮೇಲೆ ಗೋಡೆಗೆ ಒರಗಿ ಕುಳಿತುಬಿಟ್ಟಳು.

"ಗಾಡಿ ನಾಲವಾರ ಮುಟ್ಟಲಿಕ್ಕ ಅರ್ಧ ತಾಸು ಬೇಕು. ಅಲ್ಲೀತನ ಕುಂದ್ರಿ, ಫಿಕರ್ ಮಾಡಬ್ಯಾಡ್ರಿ" ಎಂದರು ಮಾಸ್ತರು. ಆ ಅರ್ಧ ತಾಸಿನಲ್ಲಿ ನಾನು ಏನೇನು ಊಹಿಸಿದೆನೆಂದು ಇಂದಿಗೂ ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಫೋನು ಬಂತು. ಮಾಸ್ತರು ಕೇಳಿಸಿಕೊಂಡರು. ಅವರ ಮುಖ ವಿಚಿತ್ರವಾಯಿತು.

"ಸಿಕ್ಕಾಳ್ರಿ. ಆದ್ರ ಇಳೀಲಿಕ್ಕ ಒಲ್ಲೆ ಅನ್ಲಿಕತ್ತಾಳಂತ."

ಜೀಪೊಂದನ್ನು ಮಾಡಿಕೊಂಡು ಹೊರಟೆವು. ದಾರಿಯುದ್ದಕ್ಕೂ ಶಾಂತಾಬಾಯಿ ನನ್ನ ಮುಖ ನೋಡಲಿಲ್ಲ. ನಾಲವಾರ ಹತ್ತಿರವಾದಾಗ ಒಂದೇ ಮಾತು ಆಡಿದಳು, ಅದೂ ಮೆಲ್ಲಗೆ: "ಇನ್ನ ಮ್ಯಾಲ ಮಂದ್ಯಾಗ ನನ್ನ ಮಗಳ ಕೈ ನೀವು ಹಿಡೀಬ್ಯಾಡ್ರಿ."

ಸುಜಾತಾ ಅಲ್ಲಿಯ ಮಾಸ್ತರರ ಕೋಣೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಚುರುಮುರಿ ತಿನ್ನುತ್ತಿದ್ದಳು. ನನ್ನನ್ನು ಕಂಡವಳೇ ಗದರಿಸಿದಳು: "ಎಷ್ಟೊತ್ತಪ್ಪ! ಸೀಟ್ ಹೋಗೇಬಿಡ್ತು ನೋಡು!" ಶಾಂತಾಬಾಯಿ ಅವಳನ್ನು ಬಾಚಿಕೊಂಡು ಅತ್ತಳು. ನಾನೂ ಅತ್ತೆ. ಅಳದಿದ್ದವಳು ಅವಳೊಬ್ಬಳೇ.

ನಡೆದದ್ದನ್ನು ಮಾಸ್ತರು ಹೇಳಿದರು. ರೈಲ್ವೆಯ ಮನುಷ್ಯ ಡಬ್ಬಿ ಡಬ್ಬಿ ಹುಡುಕಿ ಹಳದಿ ಫ್ರಾಕನ್ನು ಕಂಡಾಗ ಅವಳು ಆ ಗದ್ದಲದ ನಡುವೆಯೂ ಸೀಟಿನ ಮೇಲೆ ಅಡ್ಡ ಮಲಗಿಯೇ ಇದ್ದಳಂತೆ. ಹತ್ತು ಮಂದಿ ನಿಂತಿದ್ದರೂ ಒಬ್ಬರಿಗೂ ಕೂರಲು ಬಿಟ್ಟಿರಲಿಲ್ಲ. "ನಮ್ಮಪ್ಪ ಬರ್ತಾನ. ಇದು ನಮ್ಮ ಜಾಗಾ." ಇಳಿಯೆಂದರೆ ಸೀಟಿನ ಅಂಚು ಹಿಡಿದುಕೊಂಡಳಂತೆ. ಬಿಸ್ಕೀಟು ಕೊಟ್ಟರೂ ಇಲ್ಲ, ಹೆದರಿಸಿದರೂ ಇಲ್ಲ. ಗಾಡಿ ನಿಂತೇ ಇತ್ತು. ಕಡೆಗೆ ಯಾದಗಿರಿಗೆ ಹೊರಟಿದ್ದ ಒಬ್ಬ ಮುದುಕಿ ತನ್ನ ಗಂಟನ್ನು ಸೀಟಿನ ಮೇಲಿಟ್ಟು, "ನಿಮ್ಮಪ್ಪ ಬರೋತನ ನಿನ್ನ ಜಾಗಾ ನಾ ಕಾಯ್ತೀನವ್ವ. ನೀ ಇಳದು ಅವನ್ನ ಕರ್ಕೊಂಡು ಬಾ" ಎಂದಳಂತೆ. ಆಗ ಎದ್ದಳಂತೆ ನನ್ನ ಮಗಳು. ಆ ಮುದುಕಿಗೆ ನಾನು ಒಂದು ನಮಸ್ಕಾರವನ್ನೂ ಮಾಡಲಾಗಲಿಲ್ಲ.

"ಸರ, ಇಕಿ ನಮ್ಮ ಗಾಡೀನೇ ನಿಂದರಿಸಿದ ಹುಡುಗಿ ನೋಡ್ರಿ" ಎಂದರು ಮಾಸ್ತರು ನಗುತ್ತ. ಮೊಣಕಾಲಿನ ರಕ್ತ ಇನ್ನೂ ಒಣಗಿರಲಿಲ್ಲ, ಆದರೂ ನನ್ನ ಎದೆ ಉಬ್ಬಿತು.

ಅಂದಿನಿಂದ ಎರಡು ಸಂಗತಿ ನಡೆದುಕೊಂಡು ಬಂದವು. ಶಾಂತಾಬಾಯಿ ತನ್ನ ಮಾತು ಮರೆಯಲಿಲ್ಲ. ಸಂತೆಯಿರಲಿ, ಮದುವೆಯಿರಲಿ, ಚಂದ್ರಂಪಳ್ಳಿ ಕೆರೆ ನೋಡಲು ಹೋದಾಗಲಿರಲಿ, ಮಕ್ಕಳ ಕೈ ಅವಳದು, ಚೀಲ ನನ್ನದು. ಆಮೇಲೆ ಹುಟ್ಟಿದ ಮಗನ ಕೈಯನ್ನೂ ಮಂದಿಯಲ್ಲಿ ನಾನು ಹಿಡಿಯಲಿಲ್ಲ. ಹಿಂದೆ ಚೀಲ ಹೊತ್ತು ನಡೆಯುತ್ತ ಎರಡು ತಲೆಗಳನ್ನು ಎಣಿಸುತ್ತಿದ್ದೆ. ಒಂದು, ಎರಡು. ಹತ್ತು ಹೆಜ್ಜೆಗೆ ಮತ್ತೆ ಒಂದು, ಎರಡು. ಕೊಡು ಎಂದು ನಾನೂ ಕೇಳಲಿಲ್ಲ. ಕೇಳುವ ಮುಖ ಎಲ್ಲಿತ್ತು? ಮೊದಲ ಮೊಮ್ಮಗ ಸಿದ್ಧು ಹುಟ್ಟಿದಾಗಲೂ ಅವಳು ಅಳಿಯನಿಗೆ ಹೇಳಿದ ಮೊದಲ ಬುದ್ಧಿಮಾತು ನನ್ನ ಕುರಿತಾಗಿಯೇ ಇತ್ತು.

ಎರಡನೆಯದು, ನಾನು ಈ ಕಥೆಯನ್ನು ಎಲ್ಲರಿಗೂ ಹೇಳತೊಡಗಿದೆ. ಕಚೇರಿಯಲ್ಲಿ, ಹೊಲದ ಬದುವಿನ ಮೇಲೆ, ಬೀಗರ ಮನೆಯಲ್ಲಿ. ಐದು ವರ್ಷದ ಹುಡುಗಿ ರೈಲು ನಿಲ್ಲಿಸಿದಳು, ಹೆದರಲಿಲ್ಲ, ಅಳಲಿಲ್ಲ, ಹುಲಿಯಂಥವಳು. ಅವಳು ನರ್ಸಾಗಿ ಚಿಂಚೋಳಿಯ ಸರಕಾರಿ ಆಸ್ಪತ್ರೆಗೆ ಸೇರಿದಾಗ ಮತ್ತೆ ಹೇಳಿದೆ. ಹೆಮ್ಮೆ ಸುಳ್ಳಾಗಿರಲಿಲ್ಲ. ಆದರೆ ಅವಳ ಧೈರ್ಯವನ್ನು ಅಷ್ಟೊಂದು ಹೊಗಳಿದರೆ ನನ್ನ ತಪ್ಪನ್ನು ಯಾರೂ ಕೇಳುವುದಿಲ್ಲ ಎಂಬ ಜಾಣತನವೂ ಅದರಲ್ಲಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಹೋದ ವಾರ ಆ ಬಸ್ಸಿನಲ್ಲಿ ನಾನು ಹೊರಟಿದ್ದು ಅವಳ ಮನೆಗೇ. ಶಾಂತಾಬಾಯಿ ಬಂದಿರಲಿಲ್ಲ, ಅಳಿಯನೂ ಊರಲ್ಲಿರಲಿಲ್ಲ. ಮರುದಿನ ಸಂತೆ. ಸುಜಾತಾ, ನಾಲ್ಕು ವರ್ಷದ ಸಿದ್ಧು, ನಾನು ಮೂವರೂ ಹೋದೆವು. ಹುಡುಗನ ಕೈ ಅವಳದು, ಚೀಲ ನನ್ನದು. ಬದನೆಕಾಯಿಯವಳ ಮುಂದೆ ನಿಂತಿದ್ದಾಗ ಅವಳ ಫೋನು ಬಡಿದುಕೊಂಡಿತು.

"ಅಪ್ಪ, ಹೆರಿಗಿ ಕೇಸ್ ಬಂದದಂತ, ಜಲ್ದಿ ಹೋಗಬೇಕು. ಸಿದ್ಧುನ ಹಿಡ್ಕೊಂಡು ನೀ ಮನಿಗಿ ನಡಿ."

ನಾನು ಕೈ ಹಿಂದೆಗೆದೆ. "ಇಷ್ಟು ಮಂದ್ಯಾಗ ನನ್ನ ಕೈಯಾಗ ಕೊಡ್ತೀ ಏನು?"

"ಮತ್ತ್ಯಾರ ಕೈಯಾಗ ಕೊಡ್ಲಿ?"

"ಅಲ್ಲ ಸುಜಿ, ವಾಡ್ಯಾಗ ಏನಾಗಿತ್ತಂತ ನಿನಗ..."

"ಗೊತ್ತದಪ್ಪ. ನೂರು ಸಲ ನೀನೇ ಹೇಳಿದ್ದಿ. ಭಾಳ ಧೈರ್ಯದಾಕಿ, ಹುಲಿ ಇದ್ದಂಗ ಅಂತ." ಅವಳು ನಗುತ್ತಿದ್ದಳು. "ಐದು ವರ್ಷದ ಹುಡುಗಿಗಿ ಎಲ್ಲೀ ಧೈರ್ಯ? ನೀ ಬರ್ತೀನಿ ಅಂದಿದ್ದಿ. ಬಂದೇ ಬರ್ತಿ ಅಂತ ನನಗ ಗೊತ್ತಿತ್ತು. ಅದಕ್ಕ ಮಲ್ಕೊಂಡಿದ್ದೆ, ಅಷ್ಟೇ."

ಹುಡುಗನ ಕೈಯನ್ನು ನನ್ನ ಕೈಗಿಟ್ಟು ಅವಳು ಸಂತೆಯ ಗದ್ದಲದಲ್ಲಿ ನುಗ್ಗಿ ಹೋದಳು. ನಾನು ಬದನೆಕಾಯಿಯವಳ ಮುಂದೆ ನಿಂತೇ ಇದ್ದೆ. ಕಣ್ಣು ತುಂಬಿತ್ತು. ಮೂವತ್ತು ವರ್ಷ ಅವಳ ಬಗ್ಗೆ ಹೆಮ್ಮೆಪಟ್ಟುಕೊಂಡಿದ್ದೇನೆ. ನನ್ನ ಬಗ್ಗೆಯೂ ಹೆಮ್ಮೆಪಡುವಂಥದೊಂದು ಆ ಗಾಡಿಯಲ್ಲಿತ್ತು ಎಂದು ಅಲ್ಲಿಯವರೆಗೆ ತಿಳಿದಿರಲಿಲ್ಲ.

ಹೊರಟೆವು. ಎದುರಿನಿಂದ ಸೈಕಲ್ಲು, ಆಟೊ, ಮೇಕೆ, ಮಂದಿ. ಸಿದ್ಧುವಿನ ಅಂಗಿ ನೀಲಿ, ಎರಡನೆಯ ಗುಂಡಿಯಿಲ್ಲ, ಬಲಗಾಲಿನ ಚಪ್ಪಲಿಯ ಪಟ್ಟಿ ಬಿಚ್ಚಿತ್ತು. ಎಲ್ಲವನ್ನೂ ನೋಡಿಕೊಂಡೆ.

"ಮುತ್ಯಾ, ಕೈ ನೋಯ್ಲಿಕತ್ತದ" ಎಂದ ಅವನು.

ತುಸು ಸಡಿಲ ಮಾಡಿದೆ. ತುಸು ಮಾತ್ರ.