ಸೊಸೆಯ ಹೆಸರಿನಲ್ಲಿ ಕೊಂಡ ಪೆನ್ನು

ನನ್ನ ಮಾವನವರು ಸುರಪುರದ ತಹಸೀಲು ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆದುಕೊಡುತ್ತಿದ್ದರು. ಅವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಕಚೇರಿಯ ಕಾಗದವೆಲ್ಲ ಉರ್ದು, ಜನರ ಬಾಯೆಲ್ಲ ಕನ್ನಡ. ಹೊಲದ ಬದು ಸರಿದದ್ದು, ಎಮ್ಮೆ ಕಳುವಾದದ್ದು, ಅಣ್ಣತಮ್ಮಂದಿರು ಬಾವಿಗಾಗಿ ಬಡಿದಾಡಿದ್ದು ಎಲ್ಲವನ್ನೂ ಅವರು ಕನ್ನಡದಲ್ಲಿ ಕೇಳಿಸಿಕೊಂಡು ಉರ್ದುವಿನಲ್ಲಿ ಇಳಿಸುತ್ತಿದ್ದರು. ಅವರ ಅಕ್ಷರ ಎಷ್ಟು ಚೆಂದವಿತ್ತೆಂದರೆ, ಅರ್ಜಿ ತಿರಸ್ಕಾರವಾದವರು ಕೂಡ ಆ ಕಾಗದವನ್ನು ಮಡಚಿ ಜೋಪಾನವಾಗಿ ಮನೆಗೆ ಒಯ್ಯುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ, ಅವರ ಬೆರಳುಗಳಿಗೆ ಕೀಲುನೋವು ಗಂಟುಬಿತ್ತು. ಗೆಣ್ಣುಗಳು ಬಾತು ಹಸಿಶುಂಠಿಯಂತಾದವು. ಮುಂಜಾನೆ ಹೊತ್ತು ಮುಷ್ಟಿ ಕಟ್ಟಲಿಕ್ಕೂ ಆಗುತ್ತಿರಲಿಲ್ಲ, ಪೂರ್ತಿ ಬಿಡಿಸಲಿಕ್ಕೂ ಆಗುತ್ತಿರಲಿಲ್ಲ. ಅವರಿಗೆ ರೊಟ್ಟಿ ಮುರಿಯಲು ಬಾರದೆಂದು ಅತ್ತೆ, "ಇವತ್ತ ರೊಟ್ಟಿ ಯಾಕೋ ಬಿರುಸಾಗ್ಯಾವ" ಎಂದು ತಾವೇ ಸುಳ್ಳು ಹೇಳಿ, ಬಿಸಿಬಿಸಿ ಮೆತ್ತನೆಯ ರೊಟ್ಟಿಯನ್ನು ಬೇಳೆಯಲ್ಲಿ ಚೂರು ಮಾಡಿ ಕೊಡುತ್ತಿದ್ದರು. ಮಾವನವರು ಮಾತ್ರ ನೋವಿದೆ ಎಂದು ಒಪ್ಪಲಿಲ್ಲ. ಅಕ್ಷರ ಕೆಟ್ಟಾಗ ಮೊದಲು ಶಾಯಿಯನ್ನು ಬೈದರು, ಯುದ್ಧದ ಕಾಲದ ಶಾಯಿಯಲ್ಲಿ ನೀರೇ ಹೆಚ್ಚು ಎಂದರು. ಆಮೇಲೆ ಕಾಗದವನ್ನು ಬೈದರು. ಕೊನೆಗೆ ಅದ್ದಿ ಬರೆಯುವ ಟಾಕಿನ ಸರದಿ ಬಂತು. ಅದರ ಕಡ್ಡಿ ಕಸಬರಿಗೆಯ ಕಡ್ಡಿಗಿಂತ ಸ್ವಲ್ಪ ದಪ್ಪವಿತ್ತು, ಅಷ್ಟೆ. ಒಂದು ದಿನ ಕಚೇರಿಯ ಗುಮಾಸ್ತ ಅವರ ಅರ್ಜಿಯನ್ನು ಹೀಗೆ ತಿರುಗಿಸಿ ಹಾಗೆ ತಿರುಗಿಸಿ, ಇದು ಉರ್ದುವೋ ತೆಲುಗೋ ಎಂದು ಕೇಳಿದನಂತೆ. ಅವತ್ತು ಮನೆಗೆ ಬಂದವರು ಯಾರನ್ನೂ ಬೈಯಲಿಲ್ಲ. ಅದನ್ನು ನೋಡಿ ನಮಗೆ ಹೆಚ್ಚು ಗಾಬರಿಯಾಯಿತು.

ಅತ್ತೆ ಒಣಗಿದ ಜೋಳದ ದಂಟಿನ ಒಂದು ತುಂಡು ತಂದು, ನಡುವಿನ ಬೆಂಡನ್ನು ಕೊರೆದು, ಟಾಕನ್ನು ಅದರೊಳಗೆ ತೂರಿಸಿ ಇಟ್ಟರು. ದಪ್ಪ, ಹಗುರ, ಹಿಡಿದರೆ ಬೆರಳು ಅರ್ಧ ಮಡಚಿದರೆ ಸಾಕು. ಯಾರೂ ನೋಡುತ್ತಿಲ್ಲ ಎಂದುಕೊಂಡು ಮಾವನವರು ಪಡಸಾಲೆಯಲ್ಲಿ ಕೂತು ಬರೆದು ನೋಡಿದರು. ಅಕ್ಷರಗಳು ಮೊದಲಿನ ಹಾಗೆ ಗುಂಡಗೆ ಬಂದವು. ಆದರೆ ಮರುದಿನ ಅದನ್ನು ಕಚೇರಿಗೆ ಒಯ್ಯಲಿಲ್ಲ.

"ದಂಟು ಹಿಡಕೊಂಡು ಕೂತ್ರ ಅರ್ಜಿ ಬರಸಾಕ ಮಂದಿ ಬರಂಗಿಲ್ಲ, ಎಮ್ಮಿ ಬರ್ತಾವ" ಎಂದರು.

ದಪ್ಪನೆಯ ಲೇಖನಿ ಬೇಕು ಎಂಬುದು ಮಾತ್ರ ಅವರ ಮನಸ್ಸಿನಲ್ಲಿ ನಿಂತಿತು. ಅದ್ದುವ ಗೋಜಿಲ್ಲದ, ಒತ್ತದೆ ಬರೆಯುವ ಫೌಂಟನ್ ಪೆನ್ನೇ ಆಗಬೇಕು. ಆದರೆ ಆಗ ಫೌಂಟನ್ ಪೆನ್ನು ಅಧಿಕಾರಿಗಳ ಕಿಸೆಯಲ್ಲಿ ಇರುವ ವಸ್ತು. ಗಿಡದ ಕೆಳಗೆ ಕೂರುವವರು ಕೊಂಡರೆ ಯಾಕೆ ಎಂದು ಜನ ಕೇಳುತ್ತಾರೆ, ಯಾಕೆ ಎಂದು ಹೇಳಿದರೆ ಬೆರಳಿನ ಸುದ್ದಿ ಬರುತ್ತದೆ. ನಾಗರ ಪಂಚಮಿಗೆ ನನ್ನನ್ನು ತವರಿಗೆ ಕಳಿಸುವ ಮಾತು ಬಂದಾಗ ಅವರಿಗೆ ದಾರಿ ಕಂಡಿತು. ನನ್ನ ತವರು ಯಾದಗಿರಿ ಹತ್ತಿರದ ಬಳಿಚಕ್ರ. ಯಾದಗಿರಿಯ ತನಕ ತಾವೇ ಬಿಟ್ಟುಬರುವುದಾಗಿ ಹೇಳಿದರು. ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವಳು, ಮನೆಕೆಲಸದಲ್ಲಿ ಅಕ್ಷರ ಮರೆತುಹೋಗಬಾರದು, ಅದಕ್ಕಾಗಿ ನನಗೊಂದು ಪೆನ್ನು ಕೊಡಿಸುತ್ತೇನೆ ಎಂದು ಎಲ್ಲರ ಎದುರು ಸಾರಿದರು. ಅತ್ತೆ ಅವರ ಬೆರಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬೇಳೆಯಲ್ಲಿ ಹರಳು ಆರಿಸತೊಡಗಿದರು. ಶಹಾಪುರದಲ್ಲಿ ಮಾಸ್ತರಾಗಿದ್ದ ನನ್ನ ಗಂಡ ಊರಲ್ಲಿರಲಿಲ್ಲ, ಇದ್ದಿದ್ದರೆ ತನಗೇ ಇಲ್ಲದ ಪೆನ್ನು ಹೆಂಡತಿಗೆ ಬಂದದ್ದಕ್ಕೆ ಏನೆನ್ನುತ್ತಿದ್ದರೋ.

ಯಾದಗಿರಿ ಸ್ಟೇಷನ್ನಿನ ಹತ್ತಿರ ಗಡಿಯಾರ, ಕನ್ನಡಕ, ಪೆನ್ನು ಮೂರನ್ನೂ ಮಾರುವ ಒಬ್ಬ ಸೇಠರ ಅಂಗಡಿಯಿತ್ತು. ನಾನು ತಲೆಯ ಮೇಲೆ ಸೆರಗು ಹೊದ್ದು ಗಾದಿಯ ಅಂಚಿಗೆ ಕೂತೆ. ಮಾವನವರ ಎದುರಿಗೆ ಅಂಗಡಿಯಲ್ಲಿ ಬಾಯಿ ಬಿಡುವ ರೂಢಿ ಇರಲಿಲ್ಲ. ಸೊಸೆಗೆ ಎಂದ ಕೂಡಲೇ ಸೇಠರು ಕಿರುಬೆರಳಿನಷ್ಟು ತೆಳ್ಳನೆಯ, ಬಂಗಾರದ ಬಣ್ಣದ ಉಂಗುರವಿದ್ದ ಒಂದು ಪೆನ್ನನ್ನು ತೆಗೆದು ಮುಂದಿಟ್ಟರು. ಹಿಡಿಯಲು ಹೋದ ಮಾವನವರ ಬೆರಳಿನ ಸಂದಿಯಿಂದ ಅದು ಜಾರಿ ಗಾದಿಯ ಮೇಲೆ ಬಿತ್ತು.

"ಇದು ಅಕಿಗಿ ಸಣ್ಣದಾಗ್ತದ್ರಿ. ದಪ್ಪಂದು ತೋರಸ್ರಿ" ಎಂದರು.

ಸೇಠರು ನನ್ನ ಕೈ ನೋಡಿದರು. ಆ ವಯಸ್ಸಿನಲ್ಲಿ ನನ್ನ ಕೈ ನೋಡಿ ಬಳೆಗಾರರು ಸಣ್ಣ ಮಕ್ಕಳ ಬಳೆ ತೆಗೆಯುತ್ತಿದ್ದರು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಮ್ಯಾಲ ಸಣ್ಣ ಕಾಣ್ತಾವ್ರಿ, ರೊಟ್ಟಿ ಬಡದು ಬಡದು ಒಳಗ ಬಿರುಸಾಗ್ಯಾವ" ಎಂದು ಮಾವನವರು ನನ್ನ ಕೈಗಳ ಬಗ್ಗೆ ಹೇಳಿದರು.

ಎರಡನೆಯದು ವಿಲಾಯತಿ ಪೆನ್ನು. ದಪ್ಪವೇನೋ ಇತ್ತು, ಆದರೆ ಮೈಯೆಲ್ಲ ಲೋಹ. ಹಿಡಿದ ಕೂಡಲೇ ಮಾವನವರ ಮಣಿಕಟ್ಟು ಕೆಳಗೆ ಬಾಗಿತು. ಬೆಲೆ ಕೇಳಿದ ಮೇಲೆ ಇನ್ನೂ ಬಾಗಿತು. ಇಷ್ಟು ವಜ್ಜೆ ಪೆನ್ನು ಹಿಡಿದರೆ ಸಂಜೆಯ ಹೊತ್ತಿಗೆ ಹುಡುಗಿಯ ಕೈ ನೋಯುತ್ತದೆ ಎಂದು ಅದನ್ನು ಕೆಳಗಿಟ್ಟರು. ಸಂಜೆಯ ತನಕ ಹುಡುಗಿ ಅಂಥದ್ದೇನು ಬರೆಯುತ್ತಾಳೆ ಎಂದು ಸೇಠರು ಸಹಜವಾಗಿ ಕೇಳಿದರು. ಅರ್ಜಿಯಲ್ಲಿ ಎಂಥ ಸಂಕಟವನ್ನೂ ನಿಭಾಯಿಸುತ್ತಿದ್ದ ನನ್ನ ಮಾವನವರಿಗೆ ಅಲ್ಲಿ ಸಿಕ್ಕಿದ್ದು ಒಂದೇ ಸುಳ್ಳು. ಮನೆಯ ಲೆಕ್ಕ ಬರೆಯುತ್ತಾಳೆ ಎಂದುಬಿಟ್ಟರು. ನಮ್ಮ ಮನೆಯ ಲೆಕ್ಕವೆಂದರೆ ಅತ್ತೆ ಗೋಡೆಗೆ ಇದ್ದಿಲಿನಿಂದ ಎಳೆದ ಗೆರೆಗಳು.

ಮೂರನೆಯದು ಹಗುರವಾಗಿತ್ತು, ಆದರೆ ಅದರ ಟೊಪ್ಪಿಗೆ ತಿರುವಿದರೆ ಬರಲೊಲ್ಲದು. ಮಾವನವರ ಮುಖ ಕೆಂಪಾಯಿತು, ಟೊಪ್ಪಿಗೆ ಕದಲಲಿಲ್ಲ. ಕೊನೆಗೆ, ಪೆನ್ನು ನಿನ್ನದೇ ಅಲ್ಲವೇ ಎಂಬಂತೆ ನನ್ನ ಕಡೆ ಚಾಚಿದರು. ನಾನು ತಿರುವಿದೆ, ಸಲೀಸಾಗಿ ಬಂತು. ಬರೆದು ನೋಡಿದರೆ ನಿಬ್ಬು ಕಾಗದವನ್ನು ಬೆಕ್ಕಿನ ಹಾಗೆ ಪರಚಿತು.

ಸೇಠರು ನಿಟ್ಟುಸಿರು ಬಿಟ್ಟು ಎಲ್ಲಕ್ಕಿಂತ ಕೆಳಗಿನ ಖಾನೆಯಿಂದ ಒಂದನ್ನು ತೆಗೆದರು. ತೆಲುಗು ಸೀಮೆಯಲ್ಲಿ ಎಬೊನೈಟು ಎಂಬ ಗಟ್ಟಿ ರಬ್ಬರಿನಿಂದ ಕಡೆದು ಮಾಡಿದ್ದು. ಎಳೆ ಸೌತೆಕಾಯಿಯಷ್ಟು ದಪ್ಪ, ಕರ್ರಗೆ, ಹೊಳಪಿಲ್ಲ, ಉಂಗುರವಿಲ್ಲ. ಅಂದವಿಲ್ಲವೆಂದು ಯಾರೂ ಕೊಂಡಿರಲಿಲ್ಲ, ಹಾಗಾಗಿ ಅಗ್ಗ. ಮಾವನವರು ಹಿಡಿದರು. ಬೆರಳುಗಳು ತಾವು ಹೇಗೆ ಬಾಗಿದ್ದವೋ ಹಾಗೇ ಅದರ ಮೇಲೆ ಕೂತವು. ಮೈಮೇಲೆ ಸಣ್ಣ ಗೀರುಗಳಿದ್ದುದರಿಂದ ಜಾರಲಿಲ್ಲ, ಲೋಹದ ಹಾಗೆ ತಣ್ಣಗೂ ಇರಲಿಲ್ಲ. ಸೇಠರು ಕೊಟ್ಟ ಚೀಟಿಯ ಮೇಲೆ ಉರ್ದುವಿನಲ್ಲಿ ಒಂದು ಸಾಲು ಬರೆದರು. ನಿಬ್ಬು ಎಣ್ಣೆ ಸವರಿದ ಹಾಗೆ ಓಡಿತು. ಅದರ ಕೆಳಗೆ ಇನ್ನೊಂದು ಸಾಲು, ಮತ್ತೊಂದು. ನಾವೆಲ್ಲ ಇದ್ದೇವೆ ಎಂಬುದನ್ನು ಮರೆತು ಅವರು ತಹಸೀಲ್ದಾರ ಸಾಹೇಬರಿಗೆ ಯಾರದೋ ಎಮ್ಮೆಯ ಕುರಿತು ಇಡೀ ಒಂದು ಅರ್ಜಿಯನ್ನು ಬರೆದು ಮುಗಿಸಿದರು. ಕೆಳಗೆ ಹೆಬ್ಬೆಟ್ಟಿಗೆ ಜಾಗವನ್ನೂ ಬಿಟ್ಟಿದ್ದರು.

"ಮತ್ತ ಸೊಸಿ ಒಮ್ಮಿ ಹಿಡದು ನೋಡಬೇಕಲ್ರಿ?" ಎಂದರು ಸೇಠರು.

ನಾನು ಹಿಡಿದೆ. ಒನಕೆ ಹಿಡಿದ ಹಾಗಾಯಿತು. 'ಶ್ರೀ' ಎಂದು ಬರೆದದ್ದು ಗೋಡೆಗೆ ಬರೆಯುವಷ್ಟು ದೊಡ್ಡದಾಯಿತು. ಮಾವನವರು ನನ್ನನ್ನೇ ನೋಡುತ್ತಿದ್ದರು. ಅಂಗಡಿಯಲ್ಲಿ ಬಾಯಿ ಬಿಡಬಾರದೆಂಬುದನ್ನು ಬದಿಗಿಟ್ಟು, "ಇದ ಛಲೋ ಅದ್ರಿ. ನನಗ ಭಾಳ ಹೊಂದ್ತದ" ಎಂದೆ. ಸೇಠರು ಪೆನ್ನನ್ನು ಕಟ್ಟಿಕೊಟ್ಟರು.

ಅಷ್ಟರಲ್ಲಿ ಬಂಡಿ ಹೂಡಿಕೊಂಡು ನನ್ನನ್ನು ಕರೆದೊಯ್ಯಲು ಬಂದಿದ್ದ ನನ್ನ ಅಪ್ಪ ಅಂಗಡಿಯ ಬಾಗಿಲಿಗೆ ಬಂದರು. ಸೊಸೆಗೆ ಪೆನ್ನು ಕೊಡಿಸುವ ಮಾವ ಸಿಗಲು ಪುಣ್ಯ ಮಾಡಿರಬೇಕು ಎಂದು ಸೇಠರು ಅವರಿಗೆ ಹೇಳಿದರು. ಅಪ್ಪನ ಕಣ್ಣು ತುಂಬಿಬಂದವು. ಮಾವನವರ ಕೈಯಲ್ಲಿದ್ದ ಪೊಟ್ಟಣವನ್ನು ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಅಂಗಿಯ ಒಳಕಿಸೆಯಲ್ಲಿಟ್ಟರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೆಂದು ಮಾವನವರ ಕೈ ಅರ್ಧ ಮೇಲೆದ್ದು ಅಲ್ಲೇ ನಿಂತಿತು.

"ಜ್ವಾಕಿ ಬೀಗರ, ನಿಬ್ಬು ಭಾಳ ನಾಜೂಕದ" ಎಂದಷ್ಟೇ ಹೇಳಿ, ಬರಿಗೈಯಲ್ಲಿ ಸುರಪುರದ ಮೋಟಾರು ಹತ್ತಿದರು.

ಬಳಿಚಕ್ರದಲ್ಲಿ ಆ ಪೆನ್ನು ಊರು ತಿರುಗಿತು. ಅಪ್ಪ ಅದನ್ನು ಅಂಗಿಯ ಮೇಲಿನ ಕಿಸೆಗೆ ಸಿಕ್ಕಿಸಿಕೊಂಡು ಕಟ್ಟೆಗೆ ಹೋಗುತ್ತಿದ್ದರು. ಜನ ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದರು. ಅವ್ವ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಮಣ್ಣಿನ ನಾಗಪ್ಪನ ಪಕ್ಕದಲ್ಲಿಟ್ಟಳು. ಶಾಯಿ ಖರ್ಚಾದೀತೆಂದು ಯಾರಿಗೂ ಬರೆಯಲು ಮಾತ್ರ ಬಿಡಲಿಲ್ಲ. ನನಗೂ ಬಿಡಲಿಲ್ಲ. ಸುರಪುರದಲ್ಲಿ ಮಾವನವರು ಆ ಟಾಕಿನ ಕಡ್ಡಿ ಹಿಡಿದು ಒದ್ದಾಡುತ್ತಿರುವುದು ನೆನಪಾಗಿ ಹಬ್ಬದ ಉಂಡಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಹೇಳೋಣವೆಂದರೆ ಅವರ ಮರ್ಯಾದೆ, ಹೇಳದಿದ್ದರೆ ಅವರ ಬೆರಳು.

ಪಂಚಮಿಗೆ ಕಟ್ಟಿದ ಜೋಕಾಲಿಯನ್ನು ಇನ್ನೂ ಬಿಚ್ಚಿರಲಿಲ್ಲ, ಮಾವನವರೇ ಬಂದುಬಿಟ್ಟರು. ಸೊಸೆಯನ್ನು ಕರೆಯಲು ಮಾವನೇ ಬರುವುದು, ಅದೂ ಹಬ್ಬದ ಸಂಭ್ರಮ ಮುಗಿಯುವ ಮೊದಲೇ, ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಏನಾದರೂ ಕೆಟ್ಟ ಸುದ್ದಿಯೇ ಎಂದು ಅಪ್ಪ ಹೆದರಿದರು.

"ಸೊಸಿ ಇಲ್ದ ಮನಿಯೊಳಗ ಯಾವ ಕೆಲಸಾನೂ ನಡಿಯವಲ್ದು ಬೀಗರ" ಎಂದರು ಮಾವನವರು, ಅಪ್ಪನ ಕಿಸೆಯನ್ನೇ ನೋಡುತ್ತ.

ಒಳಗೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳಿಲ್ಲದೆ ಬೀಗರಿಗೆ ಒಂದು ವಾರ ಇರಲಾಗಲಿಲ್ಲವೆಂದು ಹಿತ್ತಲ ಗೋಡೆಯಾಚೆ ಸುದ್ದಿ ಮುಟ್ಟಿಸಿದಳು. ಇದ್ದ ಉಂಡಿಯನ್ನೆಲ್ಲ ಕಟ್ಟಿಕೊಟ್ಟಳು. ಬಂಡಿ ಹತ್ತುವಾಗ ಅಪ್ಪ ಪೆನ್ನನ್ನು ನನ್ನ ಕೈಗಿಟ್ಟ ಮೇಲೆಯೇ ಮಾವನವರು ಸರಿಯಾಗಿ ಉಸಿರಾಡಿದ್ದು.

ಯಾದಗಿರಿಯಲ್ಲಿ ಮೋಟಾರು ಹತ್ತಿದ ಮೇಲೆ ನಾನು ಪೆನ್ನನ್ನು ಅವರಿಗೆ ಕೊಟ್ಟೆ. ದೋರನಹಳ್ಳಿಯ ತನಕ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು:

"ನನ್ನ ಬೆರಳು ಮಡಚಾಕ ಬರವಲ್ಲವವ್ವ. ಅಂಗಿ ಗುಂಡಿ ಸುದ್ದಾ ನಿಮ್ಮತ್ತಿನ ಹಾಕ್ತಾಳ."

"ಗೊತ್ತದ್ರಿ" ಎಂದೆ.

"ಯಾರಿಗಿ ಗೊತ್ತದ?"

"ಎಲ್ಲಾರಿಗೂ ಗೊತ್ತದ್ರಿ ಮಾವಾರ."

"ಕಚೇರಿ ಮಂದಿಗೂ?"

ನಾನು ತಲೆಯಾಡಿಸಿದೆ. ಶಹಾಪುರ ಬರುವವರೆಗೂ ಅವರು ಯೋಚನೆ ಮಾಡಿದರು. ಆಮೇಲೆ, "ಹಂಗಾದ್ರ ಆ ದಂಟ ಒಯ್ಯಬಹುದಿತ್ತು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದೆ. ನೋಡಿದರೆ ಅವರೂ ನಗುತ್ತಿದ್ದರು.

ಅಂದಿನಿಂದ ದಿನಾ ಮುಂಜಾನೆ ಪೆನ್ನಿನ ಒಡಲನ್ನು ತಿರುವಿ ಬಿಚ್ಚಿ, ಗಾಜಿನ ಪಿಚಕಾರಿಯಿಂದ ಶಾಯಿ ಹನಿಸಿ, ಹಳೆಯ ಧೋತರದ ಚೂರಿನಿಂದ ಒರೆಸಿ ಕೊಡುವುದು ನನ್ನ ಕೆಲಸವಾಯಿತು. ಅಕ್ಷರ ಪೂರ್ತಿ ಮೊದಲಿನಂತೆ ಆಗಲಿಲ್ಲ, ಉದ್ದನೆಯ ಗೆರೆಗಳು ತುಸು ನಡುಗುತ್ತಿದ್ದವು. ಆದರೂ ಗುಮಾಸ್ತ ಭಾಷೆ ಯಾವುದೆಂದು ಕೇಳುವುದನ್ನು ಬಿಟ್ಟ. ಚಳಿಗಾಲದ ಮುಂಜಾನೆಗಳಲ್ಲಿ ಬರೆಯುವ ಮೊದಲು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಇತ್ತ ನನ್ನ ಬಳಿ ಪೆನ್ನಿದೆ ಎಂಬ ಸುದ್ದಿ ಓಣಿಯಲ್ಲೆಲ್ಲ ಹಬ್ಬಿದ್ದರಿಂದ, ಸಂಜೆ ಹೆಂಗಸರು ತವರಿಗೆ ಕಾಗದ ಬರೆಸಲು ಬರತೊಡಗಿದರು. ಇಲ್ಲವೆನ್ನಲಾಗದೆ ಆ ಒನಕೆಯಲ್ಲೇ ಬರೆದೆ. ಪೆನ್ನನ್ನು ಒತ್ತಬಾರದು, ಹೋಗುವ ಕಡೆ ಬಿಡಬೇಕು ಎಂದು ಮಾವನವರು ಪಕ್ಕದಲ್ಲಿ ಕೂತು ಕಲಿಸಿದರು. ಹಾಗೆ ಬರೆಯುತ್ತ ಬರೆಯುತ್ತ ನನ್ನ ಅಕ್ಷರ ಸಣ್ಣದಾಯಿತು.

ಒಂದು ಸಲ ಶಹಾಪುರದಿಂದ, ಅಲ್ಲಿನ ಕಚೇರಿಯ ಮುಂದೆ ಅರ್ಜಿ ಬರೆಯುವ ಹಿರಿಯರೊಬ್ಬರು ಮನೆಗೆ ಬಂದರು. ಊಟವಾಯಿತು, ಎಲೆಯಡಿಕೆಯಾಯಿತು. ಹೊರಡುವ ಹೊತ್ತಿಗೆ, ಪೆನ್ನನ್ನು ಎಲ್ಲಿ ಕೊಂಡಿರಿ, ನಮ್ಮ ಸೊಸೆಗೂ ಒಂದು ಬೇಕಾಗಿತ್ತು ಎಂದರು. ಅವರಿಗೆ ಗಂಡುಮಕ್ಕಳೇ ಇಲ್ಲವೆಂಬುದು ಮಾವನವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಂಗಡಿಯ ಗುರುತು ಹೇಳಿದರು.

"ಹೊಳಪು ನೋಡಬ್ಯಾಡ್ರಿ. ದಪ್ಪಿರಬೇಕು, ಹಗುರಿರಬೇಕು, ಒತ್ತಲಾರದ ಬರೀಬೇಕು. ಟೊಪ್ಪಿಗಿ ತಗದು ನೋಡೇ ತಗೋರಿ, ಸೊಸಿಗಿ ತಿರುವಾಕ ಬರಬೇಕಲ್ಲ" ಎಂದರು.

ಆ ಹಿರಿಯರು ಗಂಭೀರವಾಗಿ ಕೇಳಿಸಿಕೊಂಡು, ಎದ್ದು ಕೈಮುಗಿಯಲು ನೋಡಿದರು. ಬೆರಳುಗಳು ನೆಟ್ಟಗಾಗಲಿಲ್ಲ. ಮಾವನವರ ಬೆರಳುಗಳೂ ಆಗಲಿಲ್ಲ. ಇಬ್ಬರೂ ಅರ್ಧ ಕಟ್ಟಿದ ಮುಷ್ಟಿಗಳಲ್ಲೇ ಒಬ್ಬರಿಗೊಬ್ಬರು ನಮಸ್ಕಾರ ಮಾಡಿಕೊಂಡರು.