ಶೂ ರ‍್ಯಾಕಿನ ಹಾವು, ಬೋಂಡಾನ ಕಾಲು

ಕೋವಿಡ್ ನಿರ್ಬಂಧಗಳು ಮುಗಿದು ಸಿಂಗಪುರದ ಜನ ಮತ್ತೆ ಮಾಸ್ಕಿಲ್ಲದೆ ಓಡಾಡಲು ಶುರುಮಾಡಿದ್ದ ವರ್ಷ. ಆಗ ನಾನು ಅಲ್ಲಿನ ಯಿಶುನ್ ಬಡಾವಣೆಯ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಹಿರಿಯ ಪಶುವೈದ್ಯೆ. ಮೈಸೂರು ಬಿಟ್ಟು ಹದಿನೆಂಟು ವರ್ಷವಾಗಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳೇನಲ್ಲ. ಆದರೆ ಕೆಲಸ ಗೊತ್ತಿದೆ ಎಂಬ ಜಂಬ ಅದಕ್ಕಿಂತ ದೊಡ್ಡದಿತ್ತು, ಅದನ್ನು ಮಾತ್ರ ಯಾರೂ ನನ್ನ ಮುಖಕ್ಕೆ ಹೇಳಿರಲಿಲ್ಲ.

ಇಲ್ಲಿ ಮನೆಗಳ ಸುತ್ತ ಹಾವು ಕಾಣುವುದು ಅಪರೂಪವಲ್ಲ. ಚರಂಡಿಯ ಹೆಬ್ಬಾವು ಬೆಕ್ಕನ್ನು ನುಂಗುವುದುಂಟು, ವಿಷ ಉಗುಳುವ ನಾಗರ ನಾಯಿಯ ಕಣ್ಣು ಸುಡುವುದುಂಟು. ಆದರೆ ಫ್ಲಾಟಿನ ಕಾರಿಡಾರಿಗೆ ಬರುವುದು ಹೆಚ್ಚಾಗಿ ತೋಳಹಾವು. ಪೆನ್ಸಿಲ್ ದಪ್ಪ, ಕಂದು ಮೈ, ಕುತ್ತಿಗೆಗೆ ಬಿಳಿ ಪಟ್ಟಿ. ಹಲ್ಲಿ ತಿನ್ನಲು ಬರುವ ಇದರಿಂದ ನಾಯಿ ಬೆಕ್ಕುಗಳಿಗೆ ಅಪಾಯವಿಲ್ಲ. ನಮ್ಮ ಕಡೆಯವರು ಮಾತ್ರ ಇದನ್ನು ಕಂಡ ಕೂಡಲೇ ಕಟ್ಟುಹಾವು ಎಂದು ಹೌಹಾರುತ್ತಾರೆ. ಊರಿನಲ್ಲಿ ಕಟ್ಟುಹಾವು ಕಚ್ಚಿ ಸತ್ತವರ ಕಥೆ ಕೇಳಿ ಬೆಳೆದವರು, ಅವರದು ತಪ್ಪೆನ್ನಲಾಗದು.

ಒಂದು ಭಾನುವಾರ ಬೆಳಿಗ್ಗೆ ವೀಣಾ ಫೋನ್ ಮಾಡಿದಳು. ಬೆಂಗಳೂರಿನ ಹುಡುಗಿ, ಐಟಿ ಕೆಲಸ. ಗಂಡ ಸುಧಾಕರ್ ಉಡುಪಿ ಕಡೆಯವರು, ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅವರ ನಾಯಿ ಬೋಂಡಾ ನಮ್ಮ ಕ್ಲಿನಿಕ್ಕಿಗೇ ಬರುತ್ತಿತ್ತು: ಏಳು ಕಿಲೋ ತೂಕದ ಶಿಹ್‌ತ್ಸು ಜಾತಿಯ ಪುಟ್ಟ ನಾಯಿ, ನೆಲ ಗುಡಿಸುವಷ್ಟು ಕೂದಲು. ಹಿಂದಿನ ಸಂಜೆ ಬಾಗಿಲ ಬಳಿಯ ಶೂ ರ‍್ಯಾಕಿನಿಂದ ಹಾವು ಹೊರಬಂದಿತ್ತಂತೆ. ಬೋಂಡಾ ಅದರ ಮೇಲೆ ಹಾರಿ, ಕುಂಯ್ ಎಂದು ಹಿಂದೆ ಸರಿದಿತ್ತು. ಎಡ ಮುಂಗಾಲಿನ ಪಾದದಲ್ಲಿ ಸಣ್ಣ ಗೀರು. ಹಾವು ತಪ್ಪಿಸಿಕೊಂಡಿದ್ದರೂ ವೀಣಾ ಫೋಟೋ ತೆಗೆದಿಟ್ಟಿದ್ದಳು.

ಫೋಟೋ ನೋಡಿ ನಾನು ನಕ್ಕುಬಿಟ್ಟೆ. ಅದು ತೋಳಹಾವು, ವಿಷವಿಲ್ಲ, ಗೀರು ತೊಳೆದು ಸುಮ್ಮನಿರಿ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಸಮುದ್ರ ದಾಟಿ ಬಂದರೂ ಊರಿನ ಕಟ್ಟುಹಾವು ನಿಮ್ಮ ತಲೆಯಿಂದ ಇಳಿದಿಲ್ಲವಲ್ಲ, ನಾಟಿ ವೈದ್ಯರನ್ನೂ ಕರೆಸಿಬಿಡಿ ಎಂದು ತಮಾಷೆ ಮಾಡಿದೆ. ವೀಣಾ ಜೀವ ಬಂದವಳಂತೆ ನಕ್ಕಳು. ಹಿಂದಿನಿಂದ ಸುಧಾಕರ್ ದನಿ, “ಡಾಕ್ಟ್ರೇ, ಇನ್ನೊಂದು ವಿಷ್ಯ...” ಎಂದು ಶುರುವಾಗಿ ನಿಂತಿತು. ಏನು ಎಂದು ನಾನು ಕೇಳಲಿಲ್ಲ.

ಸೋಮವಾರ ಕ್ಲಿನಿಕ್ಕಿನ ಬಾಗಿಲು ತೆರೆಯುವಷ್ಟರಲ್ಲಿ ಇಬ್ಬರೂ ನಿಂತಿದ್ದರು. ಟೇಬಲ್ ಮೇಲೆ ಮಲಗಿಸಿದ ಬೋಂಡಾನ ಎಡ ಮುಂಗಾಲು ಬದನೆಕಾಯಿಯಂತೆ ಊದಿತ್ತು. ವಿಷವಿಲ್ಲ ಅಂದ್ರಲ್ಲ ಎಂದು ವೀಣಾ ಅಳುತ್ತಲೇ ಜಗಳಕ್ಕೆ ನಿಂತಳು. ಈಗಲೇ ಆಂಟಿವೆನಮ್ ಕೊಡಿ ಎಂದರು ಸುಧಾಕರ್. ಆಂಟಿವೆನಮ್ ಎಂದರೆ ಹಾವಿನ ವಿಷಕ್ಕೆ ಪ್ರತಿಯಾಗಿ ಕೊಡುವ ಇಂಜೆಕ್ಷನ್. ಬೇಡದ ಕಡೆ ಕೊಟ್ಟರೆ ಅಲರ್ಜಿಯಾಗಿ ಅದೇ ಜೀವ ತೆಗೆಯಬಹುದು.

ಕೊಡುವುದಿಲ್ಲ ಎಂದೆ. ಕಟ್ಟುಹಾವಿನ ವಿಷ ನರಗಳಿಗೆ ಹೊಡೆಯುತ್ತದೆ: ರೆಪ್ಪೆ ಜೋಲುತ್ತದೆ, ದವಡೆ ಸಡಿಲಾಗುತ್ತದೆ, ಉಸಿರು ನಿಧಾನವಾಗುತ್ತದೆ. ಕಚ್ಚಿದ ಜಾಗ ಹೀಗೆ ಊದುವುದಿಲ್ಲ. ಬೋಂಡಾನ ಕಣ್ಣು ಚುರುಕಾಗಿತ್ತು, ಮುಟ್ಟಲು ಹೋದರೆ ಗುರ್ ಎನ್ನುತ್ತಿತ್ತು. ಫೋಟೋ ಮತ್ತೆ ನೋಡಿದೆ, ಹಾವು ತೋಳಹಾವೇ. ಹಾಗಾದರೆ ಈ ಊತ ಎಲ್ಲಿಂದ ಬಂತು? ಗೀರಿನಲ್ಲಿ ಕೀವಾಗಿದ್ದರೆ ಪಾದ ಬಿಸಿಯಾಗಿರಬೇಕಿತ್ತು. ಹಿಡಿದು ನೋಡಿದರೆ ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿತ್ತು. ಪಾದಕ್ಕೆ ರಕ್ತವೇ ಸರಿಯಾಗಿ ಹೋಗುತ್ತಿರಲಿಲ್ಲ.

ಕೂದಲು ಬೋಳಿಸಿ ನೋಡಲು ಕ್ಲಿಪ್ಪರ್ ಕೈಗೆತ್ತಿಕೊಂಡೆ. ಸುಧಾಕರ್ ತಟ್ಟನೆ ಬೋಂಡಾನ ಮೊಣಕೈ ಮೇಲೆ ಅಂಗೈ ಇಟ್ಟರು.

“ಇಲ್ಲಿ ಬೇಡ ಮೇಡಂ. ಪಾದ ಮಾತ್ರ ಶೇವ್ ಮಾಡಿ.”

“ಕೈ ತೆಗೀರಿ ಸುಧಾಕರ್.”

ತೆಗೆದರು. ಎರಡು ಸಲ ಎಳೆಯುವಷ್ಟರಲ್ಲಿ ಕ್ಲಿಪ್ಪರ್ ಏನಕ್ಕೋ ಸಿಕ್ಕಿ ನಿಂತಿತು. ಚರ್ಮದೊಳಗೆ ಹೂತುಹೋಗಿದ್ದ ಕಪ್ಪು ದಾರ. ಮೂರು ಸುತ್ತು, ಬಿಗಿ ಗಂಟು. ಕತ್ತರಿಯ ಮೊನೆಯನ್ನು ಅದರಡಿ ತೂರಿಸಿ ತುಂಡರಿಸಲು ನನಗೆ ಐದು ನಿಮಿಷ ಹಿಡಿಯಿತು.

ವೀಣಾ ಗಂಡನ ಮುಖ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ. ಸುಧಾಕರ್ ತಲೆ ತಗ್ಗಿಸಿ ಒಂದೊಂದಾಗಿ ಹೇಳಿದರು. ಅವರ ಸೋದರಮಾವ ಊರಿನಲ್ಲಿ ಹಾವು ಕಚ್ಚಿದವರಿಗೆ ದಾರ ಕಟ್ಟುವವರು. ಶನಿವಾರ ಸಂಜೆ ವೀಡಿಯೊ ಕಾಲಿನಲ್ಲಿ ಮಂತ್ರ ಹೇಳಿ, ಗಾಯದ ಮೇಲ್ಭಾಗಕ್ಕೆ ಕಪ್ಪು ದಾರ ಕಟ್ಟಿಸಿದ್ದರು. ಒಂದು ಬೆರಳು ತೂರುವಷ್ಟು ಸಡಿಲವಿರಲಿ, ಬೆಳಗಾದ ಮೇಲೆ ಬಿಚ್ಚು ಎಂದೂ ಹೇಳಿದ್ದರಂತೆ. ಎಂಜಿನಿಯರ್ ಅಳಿಯ ಮಾತ್ರ ವಿಷ ಮೇಲೇರದಿರಲಿ ಎಂದು ತನ್ನದೇ ಲೆಕ್ಕದಲ್ಲಿ ಬಿಗಿಯಾಗಿ ಮೂರು ಸುತ್ತು ಸುತ್ತಿದ್ದರು.

ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ಓದಿ, ನಿನ್ನೆ ಫೋನಿನಲ್ಲಿ ಒಂದು ಮಾತು ಹೇಳಲು ಏನಾಗಿತ್ತು ಎಂದು ದಬಾಯಿಸಿದೆ.

“ಹೇಳೋಕೇ ಬಾಯಿ ತೆಗೆದೆ ಮೇಡಂ. ಸ್ಪೀಕರ್ ಆನ್ ಇತ್ತು. ನೀವು ನಕ್ರಿ, ಇವಳೂ ನಕ್ಕಳು. ಆಮೇಲೆ ನಂಗೆ ಹೇಳೋಕಾಗ್ಲಿಲ್ಲ. ಬಿಚ್ಚೋಣ ಅಂತ ಹೋದಾಗ ಕಾಲು ಊದ್ತಾ ಇತ್ತು. ಡಾಕ್ಟರ್‌ದು ತಪ್ಪು, ವಿಷನೇ ಏರ್ತಿದೆ, ದಾರ ಬಿಚ್ಚಿದ್ರೆ ಸತ್ತೇಹೋಗುತ್ತೆ ಅಂದ್ಕೊಂಡೆ.”

ದಾರ ಬಿಗಿದದ್ದು ಅವರು, ನಿಜ. ಆದರೆ ಭಾನುವಾರ ಬೆಳಿಗ್ಗೆಯೇ ಅದು ಬಿಚ್ಚಿಹೋಗಬಹುದಿತ್ತು. ಪೂರ್ತಿ ಒಂದು ದಿನ ಆ ಕಾಲಿಗೆ ರಕ್ತ ತಪ್ಪಿಸಿದ್ದು ನನ್ನ ನಗು. ನಾಚಿಕೆಯಿಂದ ಮೈ ಹಿಡಿಯಾಯಿತು.

ಪ್ರಾಣಿಗಳ ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸಕರು ನಾನು ಕಳಿಸಿದ ಕಾಲಿನ ಫೋಟೋಗಳನ್ನು ನೋಡಿ, ಭುಜದವರೆಗೆ ಕಾಲು ತೆಗೆಯುವುದೇ ಕ್ಷೇಮ ಎಂದರು. ಅದು ಅಜಾಗರೂಕ ಸಲಹೆಯಲ್ಲ. ಸತ್ತ ಭಾಗದ ನಂಜು ಮೈಗೇರಿದರೆ ನಾಯಿಯೇ ಹೋಗುತ್ತದೆ. ಆದರೆ ಬೆರಳನ್ನು ಇಕ್ಕಳದಿಂದ ಒತ್ತಿದಾಗ ಬೋಂಡಾ ತಿರುಗಿ ನೋಡಿತ್ತು, ನರ ಇನ್ನೂ ಬದುಕಿತ್ತು. ಮೂರು ದಿನ ಕೊಡಿ ಎಂದು ಗಂಡ ಹೆಂಡತಿ ಇಬ್ಬರನ್ನೂ ಕೇಳಿದೆ. ಜ್ವರ ಬಂದರೆ ಅಥವಾ ತಣ್ಣನೆಯ ಭಾಗ ಒಂದು ಬೆರಳಗಲ ಮೇಲೇರಿದರೂ ಅದೇ ಗಳಿಗೆಯಲ್ಲಿ ಶಸ್ತ್ರಕ್ರಿಯೆ ಎಂದು ಒಪ್ಪಿಸಿದೆ.

ಚರ್ಮ ಎಲ್ಲಿಂದ ತಣ್ಣಗಿದೆಯೋ ಅಲ್ಲಿಗೆ ಪೆನ್ನಿನಲ್ಲಿ ಗೆರೆ ಎಳೆದೆ. ಡ್ರಿಪ್, ಆಂಟಿಬಯಾಟಿಕ್, ನೋವಿನ ಔಷಧಿ, ಪ್ರತಿ ಆರು ಗಂಟೆಗೊಮ್ಮೆ ಡ್ರೆಸ್ಸಿಂಗ್. ಸುಧಾಕರ್ ರಜೆ ಹಾಕಿ ಪಂಜರದ ಪಕ್ಕ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಮನೆಗೆ ಹೋಗಿ ಎಂದರೆ ತಲೆಯಾಡಿಸಿ ಅಲ್ಲೇ ಇರುತ್ತಿದ್ದರು. ಗಂಡನ ಜೊತೆ ಮಾತು ಬಿಟ್ಟಿದ್ದ ವೀಣಾ ಊಟದ ಡಬ್ಬಿ ತಂದು ಅವರ ಪಕ್ಕ ಇಟ್ಟು, ಬೋಂಡಾನನ್ನು ಸವರಿ ಹೋಗುತ್ತಿದ್ದಳು. ಮಂಗಳವಾರ ಗೆರೆ ಇದ್ದಲ್ಲೇ ಇತ್ತು. ಬುಧವಾರ ಅರ್ಧ ಇಂಚು ಕೆಳಗೆ ಹೊಸ ಗೆರೆ ಎಳೆದೆ. ಗುರುವಾರ ಪಾದ ಹಿಡಿದಾಗ ನನ್ನ ಅಂಗೈಗೆ ಬೆಚ್ಚಗೆ ತಾಕಿತು, ರಕ್ತ ಮತ್ತೆ ಹರಿಯುತ್ತಿತ್ತು. ಸುಧಾಕರ್ ಎದುರಿಗೇ ಕಣ್ಣೊರೆಸಿಕೊಂಡೆ. ಕಪ್ಪಾಗಿದ್ದ ಹೊರಬೆರಳೊಂದನ್ನು ಮಾತ್ರ ಉಳಿಸಲಾಗಲಿಲ್ಲ. ಅದನ್ನು ನಾನೇ ತೆಗೆದೆ.

ಡಿಸ್ಚಾರ್ಜ್ ದಿನ ಇಬ್ಬರನ್ನೂ ಕೂರಿಸಿ ಕ್ಷಮೆ ಕೇಳಿದೆ. ಅಭ್ಯಾಸವಿಲ್ಲದ ಕೆಲಸ, ಮಾತು ತಡವರಿಸಿತು. ದಾರ ಕಟ್ಟಿದ್ದು ನಾನಲ್ವಾ ಮೇಡಂ ಎಂದರು ಸುಧಾಕರ್. ಹೇಳೋಕೆ ಬಿಡದವರು ನಾವಿಬ್ರು ಎಂದಳು ವೀಣಾ. ಅವಳು ಗಂಡನ ಪರವಾಗಿ ಆಡಿದ ಮಾತನ್ನು ಆ ವಾರದಲ್ಲಿ ನಾನು ಕೇಳಿದ್ದು ಅದೇ ಮೊದಲು.

ಹಾವುಗಳನ್ನು ಗುರುತಿಸುವುದನ್ನು ಯಾರಾದರೂ ಒಂದು ವಾರದಲ್ಲಿ ಕಲಿಯಬಹುದು. ಆ ವಿದ್ಯೆ ಅಂದೂ ನನಗಿತ್ತು, ಉತ್ತರವೂ ಸರಿಯಾಗಿಯೇ ಇತ್ತು, ಆದರೂ ಒಂದು ಕಾಲು ಹೋಗುವುದರಲ್ಲಿತ್ತು. ಈಗ ಹಾವಿನ ಫೋನ್ ಬಂದರೆ ಹಾವು ಯಾವುದು ಎಂದು ಹೇಳಿ ಮುಗಿಸುವುದಿಲ್ಲ. ಗಾಬರಿಯಲ್ಲಿ ಎಲ್ಲರೂ ಏನಾದರೂ ಮಾಡಿರುತ್ತಾರೆ, ನೀವೇನು ಮಾಡಿದಿರಿ ಎಂದು ಕೇಳುತ್ತೇನೆ. ಏನೂ ಮಾಡಿಲ್ಲ ಎನ್ನುತ್ತಾರೆ. ನಾನು ಫೋನ್ ಇಡುವುದಿಲ್ಲ, ಮಾತೂ ಆಡುವುದಿಲ್ಲ. ಸ್ವಲ್ಪ ಹೊತ್ತು ಕಾದರೆ, ಹೇಳುತ್ತಾರೆ.