ಎಲ್ಲದರ ಕೆಳಗೂ ದಯಾನಂದ

ನವಿ ಮುಂಬೈಯ ನೆರೂಳದ ದಯಾನಂದನಿಗೆ ಬೇಕಿದ್ದುದು ಒಂದು ಭಾನುವಾರ. ವಾರವಿಡೀ ಮಹಾಪೆಯ ಕಂಪನಿಯಲ್ಲಿ ಕಂಪ್ಯೂಟರಿನೆದುರು ಕಣ್ಣು ಸವೆಸಿ ಬಂದವನಿಗೆ ರಜೆಯ ದಿನ ಬೆಳಗಾದರೆ ಊರವರ ಸಂಘದ ಫೋನು. ಸಂಘಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟ ತಪ್ಪಿಗೆ, ಅದರಲ್ಲಿ ಒಂದು ಫೋಟೋ ಬದಲಿಸಬೇಕಾದರೂ ಅವನೇ ಬೇಕು. ಹೆಂಡತಿ ಜಯಲತಾ ಊಟಕ್ಕೆ ಕಾದು ಕಾದು ಸಾಕಾಗಿ ಒಬ್ಬಳೇ ಉಣ್ಣತೊಡಗಿದ್ದಳು.

2014ರಲ್ಲಿ ಅವನು ಬಿಡುವಾದಾಗಲೆಲ್ಲ ಕೂತು ತಲೆ ಕೆರೆದುಕೊಂಡು ಒಂದು ಸಾಧನ ಕಟ್ಟಿದ. ಯಾರು ಬೇಕಾದರೂ ಬ್ರೌಸರಿನಲ್ಲೇ ಪುಟ ತೆರೆದು, ‘ತಿದ್ದು’ ಒತ್ತಿ, ಸಾದಾ ಕನ್ನಡದಲ್ಲಿ ಬರೆದರೆ ಸಾಕು. ಅದು ಇಡೀ ಸೈಟಿನ ಪುಟಗಳನ್ನು ಹೊಸದಾಗಿ ತಯಾರಿಸಿ ಇಡುತ್ತಿತ್ತು. ಹಳೆಯ ಪುಟಗಳೂ ಅಳಿಯುತ್ತಿರಲಿಲ್ಲ. ಪ್ರತಿ ತಿದ್ದುಪಡಿಯ ಕೆಳಗೆ ತಿದ್ದಿದವರ ಹೆಸರು ಬೀಳುತ್ತಿತ್ತು. ಈ ಕೊನೆಯದರ ಮೇಲೆ ಅವನಿಗೆ ಭಾರೀ ಹೆಮ್ಮೆ.

ಕೋಪರಖೈರಣೆಯಲ್ಲಿ ನಡೆದ ಸಂಘದ ಸಭೆಯಲ್ಲಿ ಅದನ್ನು ತೋರಿಸಿದಾಗ ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಆಮೇಲೆ ಒಬ್ಬರೂ ಅದನ್ನು ಮುಟ್ಟಲಿಲ್ಲ. ಮುಂದಿನ ಭಾನುವಾರ ಮತ್ತೆ ಫೋನು.

ಕಾರಣ ಹೇಳಿದವರು ಕಾರ್ಯದರ್ಶಿ, ಹೋಟೆಲಿನ ಹರಿಶ್ಚಂದ್ರಣ್ಣ. “ಇವರ ಹೆಸರು ಮೇಲೆ, ಅವರದ್ದು ಕೆಳಗೆ ಅಂತ ಮಾಡಿದ್ದು ನಾನು ಅಂತ ಎಲ್ಲರಿಗೂ ಕಾಣ್ತದಲ್ಲ ಮಾರಾಯ! ನಾಳೆ ಅವರ ಮುಖ ನೋಡ್ಲಿಕ್ಕಿಲ್ಲವಾ ನನಗೆ? ಒಂದು ಕೆಲಸ ಮಾಡು. ತಿದ್ದುವುದು ನಾವೇ ತಿದ್ತೇವೆ. ಕೆಳಗೆ ನಿನ್ನ ಹೆಸರು ಬರ್ಲಿ.”

ವಾದಿಸುವ ತ್ರಾಣ ದಯಾನಂದನಲ್ಲಿ ಉಳಿದಿರಲಿಲ್ಲ. ಸಮಿತಿಯವರಿಗೆಲ್ಲ ತನ್ನದೇ ಪಾಸ್‌ವರ್ಡ್ ಕೊಟ್ಟುಬಿಟ್ಟ. ಫೋನು ನಿಂತಿತು. ಭಾನುವಾರ ಹೆಂಡತಿಯ ಜೊತೆ ಕೂತು ಬಂಗುಡೆ ಮೀನಿನ ಸಾರಿನಲ್ಲಿ ಉಂಡು, ಗಡದ್ದಾಗಿ ನಿದ್ದೆ ಹೊಡೆದ. ಎಷ್ಟು ಸುಖವಾಗಿತ್ತೆಂದರೆ, ಆಮೇಲೆ ಸೈಟಿನತ್ತ ತಲೆ ಹಾಕಲೇ ಇಲ್ಲ.

ಸಂಘದಲ್ಲಿ ಚೆನ್ನಯಣ್ಣ ಎಂಬ ಹಿರಿಯರಿದ್ದರು. ದಯಾನಂದ ಮುಂಬೈಗೆ ಬಂದಿಳಿದಾಗ ತಮ್ಮ ಒಂದೇ ಕೋಣೆಯಲ್ಲಿ ಇಟ್ಟುಕೊಂಡು ಅನ್ನ ಹಾಕಿದವರು, ಸಂಘ ಕಟ್ಟಿದವರಲ್ಲೊಬ್ಬರು. ಈಚೆಗೆ ಅವರಿಗೂ ಸಮಿತಿಯವರಿಗೂ ಆಗಿಬರುತ್ತಿರಲಿಲ್ಲ. ಒಂದು ಸಂಜೆ ಅವರು ಮಗಳ ಮೊಬೈಲ್ ಹಿಡಿದುಕೊಂಡು ನೆರೂಳಕ್ಕೇ ಬಂದರು. ಸೈಟಿನ ಸ್ಥಾಪಕರ ಪುಟದಲ್ಲಿ ಅವರ ಹೆಸರಿರಲಿಲ್ಲ. ತೆಗೆದವರು ಯಾರೆಂದು ಕೆಳಗೆ ಇತ್ತು: ದಯಾನಂದ.

“ನಾನಲ್ಲ ಚೆನ್ನಯಣ್ಣ, ದೇವರಾಣೆ! ನನ್ನ ಪಾಸ್‌ವರ್ಡ್ ಅವರೆಲ್ಲರ ಹತ್ರ ಉಂಟು.” ಗಡಿಬಿಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಹಳೆಯ ಪುಟವನ್ನು ಮರಳಿ ಹಾಕಿದ. “ನೋಡಿ, ಬಂತು.”

ಚೆನ್ನಯಣ್ಣ ಪರದೆಯ ಕಡೆ ನೋಡಲಿಲ್ಲ. “ನೀನು ತೆಗೆದದ್ದಲ್ಲ, ನನಗೆ ಗೊತ್ತುಂಟು. ತೆಗೆದು ಆರು ತಿಂಗಳಾಯ್ತಂತೆ. ನೀನೊಮ್ಮೆ ನೋಡ್ಲೂ ಇಲ್ಲವಾ?”

ಅವನು ನೋಡಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿಕೊಂಡಿದ್ದರು.